'ಬ್ಲೂ ಕ್ರಿಸ್‌ಮಸ್' ಎಲ್ವಿಸ್ ಬರೆದ ಹಾಡಲ್ಲ

ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿ ತನ್ನ 1957ರ ಕ್ರಿಸ್‌ಮಸ್ ಆಲ್ಬಂಗಾಗಿ 'ಬ್ಲೂ ಕ್ರಿಸ್‌ಮಸ್' ಹಾಡನ್ನು ತಾನೇ ಬರೆದ, ಮೊದಲು ಹಾಡಿದ್ದೂ ಅವನೇ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಸರಿಯಲ್ಲ.

ಹಾಡು ಬರೆದವರು ಬಿಲ್ಲಿ ಹೇಯ್ಸ್ ಮತ್ತು ಜೇ ಜಾನ್ಸನ್. ರೆಕಾರ್ಡಿನ ಲೇಬಲ್‌ನಲ್ಲೇ ಈ ಹೆಸರುಗಳಿವೆ, ನೋಡಬಹುದು. 1948ರಲ್ಲಿ ಗಾಯಕ ಡಾಯ್ ಓಡೆಲ್ ಇದನ್ನು ಮೊದಲು ರೆಕಾರ್ಡ್ ಮಾಡಿದ. ಮರುವರ್ಷ ಬಂದ ಅರ್ನೆಸ್ಟ್ ಟಬ್‌ನ ರೆಕಾರ್ಡು ಕಂಟ್ರಿ ಸಂಗೀತ, ಅಂದರೆ ಅಮೆರಿಕದ ಹಳ್ಳಿಗಾಡಿನ ಶೈಲಿಯ ಹಾಡು, ಕೇಳುವವರಲ್ಲಿ ದೊಡ್ಡ ಹಿಟ್ ಆಯಿತು. ಎಲ್ವಿಸ್ ಇದನ್ನು ಹಾಲಿವುಡ್‌ನ ಸ್ಟುಡಿಯೋದಲ್ಲಿ ಹಾಡಿದ್ದು 1957ರ ಸೆಪ್ಟೆಂಬರ್‌ನಲ್ಲಿ.

ಗೊಂದಲ ಆಗುವುದು ಸಹಜವೇ. ಎಲ್ವಿಸ್ ಹಾಡಿನ ಹಿನ್ನೆಲೆಯಲ್ಲಿ ಗಾಯಕಿ ಮಿಲ್ಲಿ ಕರ್ಕಮ್ ಎಳೆಯುವ ಆ 'ಊ ಊ' ಒಮ್ಮೆ ಕಿವಿಗೆ ಬಿದ್ದರೆ ಬೇರೆಯವರ ದನಿಯಲ್ಲಿ ಈ ಹಾಡು ನೆನಪಾಗುವುದೇ ಕಷ್ಟ, ಅಲ್ವಾ? ನನಗೂ ಎಲ್ವಿಸ್ ಹಾಡಿದ್ದೇ ಜಾಸ್ತಿ ಇಷ್ಟ. ಆದರೆ ಚೆನ್ನಾಗಿ ಹಾಡುವುದು ಬೇರೆ, ಬರೆಯುವುದು ಬೇರೆ.

ಇನ್ನೊಂದು ಮಾತು. ಆಲ್ಬಂನ 12 ಹಾಡುಗಳೂ ಅದಕ್ಕಾಗಿಯೇ ಹಾಡಿದವು ಎಂದೂ ಅದೇ ಮೆಸೇಜಿನಲ್ಲಿದೆ. ಅದೂ ಸರಿಯಲ್ಲ. ಆ ಹಾಡುಗಳಲ್ಲಿ 4 ಭಕ್ತಿಗೀತೆಗಳು ಅದೇ ವರ್ಷ ಮೊದಲೇ ಬೇರೆ ರೆಕಾರ್ಡಿನಲ್ಲಿ ಬಂದಿದ್ದವು.

ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.