ಹತ್ತನೇ ಚಾನೆಲ್ಲಿನ ಭಜನೆ

"ಡ್ರಮ್ ತರ್ತೀನಿ ಅಂತೀ, ಸಪ್ಪಳಾ ಆಗೂದಿಲ್ಲ ಅಂತೀ. ಹಂಗಾದ್ರ ತರೂದ್ಯಾಕ?"

ಅಪ್ಪ ಈ ಪ್ರಶ್ನೆ ಕೇಳಿ ಎರಡು ವರ್ಷ ಆಯಿತು. ಸರಿಯಾದ ಉತ್ತರ ಇನ್ನೂ ಸಿಕ್ಕಿಲ್ಲ.

ಆವತ್ತು ಮಾತ್ರ ಎದೆ ಉಬ್ಬಿಸಿಯೇ ಹೇಳಿದ್ದೆ. ಇದು ಕಂಪ್ಯೂಟರಿನೊಳಗಿನ ಡ್ರಮ್ಮು. ಮೇಜಿನ ಮೇಲೆ ಹದಿನಾರು ರಬ್ಬರ್ ಗುಂಡಿಗಳ ಒಂದು ಪ್ಯಾಡ್ ಇರುತ್ತದೆ. ಬೆರಳಿನಿಂದ ಬಡಿದರೆ ಸದ್ದು ನನ್ನ ಹೆಡ್‌ಫೋನಿನಲ್ಲಿ ಮಾತ್ರ. ಓಣಿಯ ಮಂದಿ ಸುಖವಾಗಿ ಮಲಗಬಹುದು. ಅಪ್ಪ ಒಪ್ಪಿದರು. ಸದ್ದಿಲ್ಲದ ವಸ್ತು ನಮ್ಮ ಮನೆಗೆ ಬರುವುದು ಅದೇ ಮೊದಲು.

ಆಮೇಲೆ ಗೊತ್ತಾಯಿತು, ಡ್ರಮ್ಮಿಗೆ ಸದ್ದಿಲ್ಲ ನಿಜ, ಬೆರಳಿಗೆ ಇದೆ. ನನ್ನ ಸ್ಟುಡಿಯೋ ಅಂದರೆ ಅಡುಗೆಮನೆಯ ಮೇಲಿನ ಜೋಳದ ಕೋಣೆ. ರಬ್ಬರಿನ ಮೇಲೆ ಬಡಿದದ್ದು ಮೇಜಿಗೆ ಇಳಿದು, ಮೇಜಿನಿಂದ ನೆಲಕ್ಕೆ ಇಳಿದು, ಕೆಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ "ಟಕ್ ಟಕ್ ಟಕ್" ಎಂದು ಕೇಳಿಸುತ್ತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲು ತೆಗೆದಳು. ಯಾರೂ ಇಲ್ಲ. ಬಂದು ಕುಳಿತಳು. ಮತ್ತೆ ಟಕ್ ಟಕ್. ಮೊದಲ ದಿನ ನಾಲ್ಕು ಸಲ ಬಾಗಿಲು ತೆಗೆದಳಂತೆ. ಐದನೇ ಸಲ ಲಟ್ಟಣಿಗೆ ಹಿಡಿದು ಮೇಲೆ ಬಂದಳು. ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಾ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ರಬ್ಬರ್ ತುಂಡಿಗೆ ಬಡಿಯುತ್ತಿದ್ದ ಮಗನನ್ನು ನೋಡಿ ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಜಾಸ್ತಿ ಆಗಿರಬೇಕು. ಸದ್ದಿಲ್ಲದೆ ಇಳಿದು ಹೋದಳು.

ಇದೇ ವಿಜಯಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನಿಗೆ ಸಂಗೀತದ ಹುಚ್ಚು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ನನ್ನ ಪ್ಯಾಡಿಗೆ ಅವ್ವನೇ ಹೆಸರಿಟ್ಟಳು: "ಆ ಸುಳ್ಳ ಬಾಗಲಾ".

ಜೋಳದ ಕೋಣೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಸ್ಟುಡಿಯೋದಲ್ಲಿ ಸದ್ದು ಗೋಡೆಗೆ ಬಡಿದು ಗುಂಯ್ ಅನ್ನಬಾರದು ಎಂದು ಮಂದಿ ದುಬಾರಿ ಫೋಮ್ ಹಚ್ಚುತ್ತಾರೆ. ನಾನು ಗೋಡೆಗೆ ಅಜ್ಜಿ ಹೊಲಿದ ಎರಡು ಕೌದಿ ನೇತುಹಾಕಿದೆ. ಮೂಲೆಗಳಲ್ಲಿ ಜೋಳದ ಚೀಲ ಇದ್ದೇ ಇದ್ದವು. ಸುಗ್ಗಿ ಮುಗಿದು ಯುಗಾದಿ ಬಂದಾಗ ಚೀಲ ಜಂತಿ ಮುಟ್ಟಿರುತ್ತವೆ, ಆಗ ಆ ಕೋಣೆಯಷ್ಟು ಶಾಂತವಾದ ಜಾಗ ಜಿಲ್ಲೆಯಲ್ಲೇ ಇಲ್ಲ. ಆದರೆ ನಾವು ದಿನಾ ರೊಟ್ಟಿ ತಿನ್ನುವ ಜನ ಅಲ್ವಾ? ದಸರೆಯ ಹೊತ್ತಿಗೆ ಕೋಣೆ ಗುಂಯ್ ಅನ್ನತೊಡಗುತ್ತದೆ. ಬೇಸಿಗೆಯಲ್ಲಿ ಮಾಡಿದ ಹಾಡು ಮತ್ತು ದೀಪಾವಳಿಗೆ ಮಾಡಿದ ಹಾಡು ಎರಡನ್ನೂ ಕೇಳಿ ಮನೆಯಲ್ಲಿ ಎಷ್ಟು ಚೀಲ ಉಳಿದಿತ್ತು ಎಂದು ಹೇಳಬಲ್ಲೆ.

ಇನ್ನು ಮಿಡಿ, ಅಂದರೆ ವಾದ್ಯಗಳೂ ಕಂಪ್ಯೂಟರೂ ತಮ್ಮೊಳಗೆ ಆಡುವ ಭಾಷೆ. ಅವ್ವನಿಗೆ ಮಿಡಿ ಎಂದರೆ ಉಪ್ಪಿನಕಾಯಿ. "ಮಿಡಿ ಕೇಬಲ್ ಬಂತೇನು?" ಎಂದು ನಾನು ಫೋನಿನಲ್ಲಿ ಕೇಳಿದಾಗ "ಈಗ ಎಲ್ಲಿಂದ ಬರ್ತಾವೋ, ಗಿಡ ಇನ್ನ ಹೂವ ಬಿಟ್ಟಿಲ್ಲ" ಅಂದಿದ್ದಳು. ಅವಳಿಗೆ ತಿಳಿಸಿ ಹೇಳುವಾಗಲೇ ನನಗೂ ಅದು ಸರಿಯಾಗಿ ತಿಳಿದದ್ದು. ಮಿಡಿಯೊಳಗೆ ಸಂಗೀತ ಇರುವುದೇ ಇಲ್ಲ. ಬರೀ ಅಪ್ಪಣೆ ಇರುತ್ತದೆ, ಒಂದೊಂದು ಸ್ವರಕ್ಕೆ ಒಂದೊಂದು ಅಂಕಿ. "36ನ್ನು ಹೊಡಿ, ಇಷ್ಟು ಜೋರಾಗಿ ಹೊಡಿ, ಈಗ ಬಿಡು" ಅಷ್ಟೇ. ಜೋರು ಎಷ್ಟು ಎನ್ನುವುದಕ್ಕೆ 127ರವರೆಗೆ ಅಂಕಿ. ಸೊನ್ನೆ ಜೋರಿನಿಂದ ಹೊಡಿ ಅಂದರೆ ನಿಲ್ಲಿಸು ಎಂದು ಅರ್ಥ. ಅಪ್ಪಣೆ ಯಾರ ಕೈಗೆ ಸಿಗುತ್ತದೋ ಅವರ ದನಿಯಲ್ಲಿ ಸದ್ದು ಬರುತ್ತದೆ. ಡ್ರಮ್ ಸಾಫ್ಟ್‌ವೇರಿಗೆ ಸಿಕ್ಕರೆ ಡ್ರಮ್ಮು, ಪಿಯಾನೊಗೆ ಸಿಕ್ಕರೆ ಪಿಯಾನೊ.

ಅವ್ವ ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮಪ್ಪ ಕಟ್ಟೀ ಮ್ಯಾಲ ಕುಂತ 'ಚಾ' ಅಂತಾರಲ್ಲ, ಹಂಗ" ಅಂದಳು. ಇದಕ್ಕಿಂತ ಚಂದ ಯಾರೂ ಹೇಳಿಲ್ಲ.

1983ರಲ್ಲಿ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರು ಸೇರಿ ಇದನ್ನು ಹೊರತಂದರು. ಬೇರೆ ಬೇರೆ ಕಂಪನಿಯ ವಾದ್ಯಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯಲಿ ಎನ್ನುವುದು ಉದ್ದೇಶ. 2013ರಲ್ಲಿ ಇಬ್ಬರಿಗೂ ಅದಕ್ಕಾಗಿ ಟೆಕ್ನಿಕಲ್ ಗ್ರ್ಯಾಮಿ ಸಿಕ್ಕಿತು. ನಮ್ಮ ಮನೆಯಲ್ಲಿ ಯಾವ ವೈರು ಕೈಕೊಟ್ಟರೂ ಈಗ "ಜಪಾನ್ ಕಾಕಾಗ ಫೋನ್ ಹಚ್ಚು" ಅನ್ನುತ್ತಾರೆ.

ಡ್ರಮ್ಮಿನ ಅಂಕಿಗಳನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. 36 ಕಿಕ್ ಅಂದರೆ ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮು, 38 ಸ್ನೇರ್ ಅಂದರೆ ಛರ್ ಅನ್ನುವ ಸಣ್ಣ ಡ್ರಮ್ಮು, 42 ಮುಚ್ಚಿದ ಹೈಹ್ಯಾಟ್ ಅಂದರೆ ಜೋಡಿ ತಾಳ, 46 ತೆರೆದದ್ದು, 49 ಕ್ರ್ಯಾಶ್ ಅಂದರೆ ದೊಡ್ಡ ತಾಳ. ಇದರಿಂದ ಆಫೀಸಿನ ಕೆಲಸ ಕೆಟ್ಟಿತು. ಲೆಕ್ಕದ ಪುಸ್ತಕದಲ್ಲಿ ಸಾಲಾಗಿ 36, 42, 38, 42 ಬಂದರೆ ಕಾಲು ತಾನಾಗಿ ಕುಣಿಯುತ್ತದೆ. ಮೇಲಿನ ಸಾಹೇಬರು ಒಂದು ದಿನ "ಏನ್ರೀ, ಸಕ್ಕರಿ ಚೆಕ್ ಮಾಡಿಸೀರೇನು?" ಎಂದು ಕಾಳಜಿಯಿಂದ ಕೇಳಿದರು.

ಶುರುವಿನಲ್ಲಿ ಬ್ಲೂಟೂತ್ ಸ್ಪೀಕರಿನಲ್ಲಿ ನುಡಿಸಲು ಹೋಗಿದ್ದೆ. ಇಲ್ಲಿ ಬಡಿದರೆ ಸದ್ದು ಸೊಲ್ಲಾಪುರಕ್ಕೆ ಹೋಗಿ ಬಂದಂತೆ ಬರುತ್ತಿತ್ತು. ವೈರಿಗೆ ಬದಲಾದೆ. ಆದರೂ ತಡ. ಕಂಪ್ಯೂಟರು ಒಂದು ಸಲಕ್ಕೆ ಎಷ್ಟು ಸದ್ದನ್ನು ಕೂಡಿಟ್ಟು ಕಳಿಸಬೇಕು ಎನ್ನುವ ಬಫರ್ ಎಂಬ ಅಂಕಿ 1024 ಇತ್ತು, ಅಂದರೆ ಸುಮಾರು 23 ಮಿಲಿಸೆಕೆಂಡು ತಡ. ಅದನ್ನು 128ಕ್ಕೆ ಇಳಿಸಿದೆ. ಮೂರು ಮಿಲಿಸೆಕೆಂಡಿಗೆ ಬಂತು. ಆದರೆ ನನ್ನ ಹಳೇ ಲ್ಯಾಪ್‌ಟಾಪಿಗೆ ಅಷ್ಟು ಅವಸರ ತಾಳದೆ, ಒಗ್ಗರಣೆಗೆ ಸಾಸಿವೆ ಬಿದ್ದಂತೆ ಚಟಪಟ ಅನ್ನತೊಡಗಿತು. 256ರಲ್ಲಿ ರಾಜಿ ಆಯಿತು. ಲ್ಯಾಪ್‌ಟಾಪು ಬಿಸಿಯಾಗುತ್ತದೆ, ನಾನು ತಣ್ಣಗಿರುತ್ತೇನೆ. ಏಪ್ರಿಲ್‌ನಲ್ಲಿ ಇಬ್ಬರೂ ಬಿಸಿ.

ಮೊದಲ ತಾಳ ತಯಾರಾದಾಗ ಮಾಮಾನನ್ನು ಕರೆದೆ. ಮಾಮಾ ಮಠದ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷದಿಂದ ತಬಲಾ ನುಡಿಸುತ್ತಿದ್ದಾರೆ. ನಾನು ಮಾಡಿದ್ದು ಕೆಹರವಾ ತಾಳದಂಥ ಎಂಟು ಮಾತ್ರೆಯ ನಡೆ. ಪ್ರತಿ ಪೆಟ್ಟನ್ನೂ ಮೌಸಿನಲ್ಲಿ ಚೌಕಕ್ಕೆ ಸರಿಯಾಗಿ ಕೂಡಿಸಿದ್ದೆ. ಪ್ರತಿ ಪೆಟ್ಟಿಗೂ 127ರ ಜೋರು. ಕಡಿಮೆ ಯಾಕೆ ಕೊಡಬೇಕು, ಅಂಕಿ ಬಿಟ್ಟಿ ಅಲ್ವಾ?

ಮಾಮಾ ಹೆಡ್‌ಫೋನ್ ತೆಗೆದು ಕೆಳಗಿಟ್ಟು, "ಹಿಟ್ಟಿನ ಗಿರಣಿ ಎಲ್ಲಿ ಐತಿ ಇದು?" ಅಂದರು.

ಅವರು ಹೇಳಿದ್ದು ಖರೆ. ನಿಜವಾದ ಕೈ ಒಂದೇ ಪೆಟ್ಟನ್ನು ಎರಡು ಸಲ ಒಂದೇ ಥರ ಹೊಡೆಯುವುದಿಲ್ಲ. ಅದಕ್ಕೇ ಒಳ್ಳೆಯ ಡ್ರಮ್ ಸಾಫ್ಟ್‌ವೇರಿನಲ್ಲಿ ಒಂದೇ ಸ್ನೇರನ್ನು ಮೆಲ್ಲಗೆ, ನಡುವೆ, ಜೋರಾಗಿ ಬೇರೆ ಬೇರೆ ಹೊಡೆದು ಧ್ವನಿಮುದ್ರಿಸಿರುತ್ತಾರೆ. ಒಂದೇ ಜೋರಿನಲ್ಲೂ ನಾಲ್ಕಾರು ಪೆಟ್ಟು ಇಟ್ಟು ಸರದಿಯ ಮೇಲೆ ನುಡಿಸುತ್ತಾರೆ. ನನ್ನದು ಪುಕ್ಕಟೆ ಸಾಫ್ಟ್‌ವೇರು. ಇದ್ದದ್ದು ಒಂದೇ ಪೆಟ್ಟು. ಅದನ್ನೇ ಮತ್ತೆ ಮತ್ತೆ ನುಡಿಸಿದರೆ ಬಂದೂಕು ಹಾರಿಸಿದಂತೆ ಆಗುತ್ತದೆ. ಆದರೆ ಅದರಲ್ಲಿ 'ಹ್ಯೂಮನೈಸ್' ಎಂಬ ಗುಂಡಿ ಇತ್ತು. ಪೆಟ್ಟುಗಳನ್ನು ಅಷ್ಟಿಷ್ಟು ಹಿಂದೆ ಮುಂದೆ ಸರಿಸಿ, ಜೋರನ್ನು ಏರಿಸಿ ಇಳಿಸಿ, ಯಂತ್ರವನ್ನು ಮನುಷ್ಯನನ್ನಾಗಿ ಮಾಡುವ ಗುಂಡಿ. ಪೂರ್ತಿ ತಿರುಗಿಸಿದೆ.

ಮಾಮಾ ಈ ಸಲ ಕಣ್ಣು ಮುಚ್ಚಿ ಕೇಳಿದರು. "ಹಾಂ, ಈಗ ಮನಷ್ಯಾ ಬಾರಿಸಿದಂಗ ಐತಿ" ಅಂದರು. ನಾನು ಖುಷಿಯಾದೆ. "ಖರೇ, ಕುಡದ ಬಂದ ಮನಷ್ಯಾ."

ಇಷ್ಟಾದರೂ ಮಂಡಳಿಯವರು ನನ್ನನ್ನು ನಂಬಿದ್ದರು. ನಂಬಿ ಕೆಟ್ಟರು. ಭಜನೆಯೊಂದರ ಹಾರ್ಮೋನಿಯಂ ಧಾಟಿಯನ್ನು ಕಲಿಯುವ ಹುಡುಗರಿಗೆ ಅಂತ ಫೈಲ್ ಮಾಡಿಕೊಡು ಎಂದು ಕೇಳಿದರು. ಹಾರ್ಮೋನಿಯಂ ಮಾಸ್ತರನ್ನು ಜೋಳದ ಕೋಣೆಗೆ ಕರೆತಂದು ನನ್ನ ಸಣ್ಣ ಮಿಡಿ ಕೀಬೋರ್ಡಿನ ಮುಂದೆ ಕೂಡಿಸಿದೆ. ಎಡಗೈಗೆ ತಿದಿ ಒತ್ತುವ ಕೆಲಸ ಇಲ್ಲದೆ ಪಾಪ ಅವರಿಗೆ ಆ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ, ತೊಡೆಯ ಮೇಲೆ ಆಡಿಸುತ್ತಲೇ ಇದ್ದರು. ಬಿಳಿ ಒಂದನ್ನು ಷಡ್ಜ ಮಾಡಿಕೊಂಡು ಚಂದ ನುಡಿಸಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಹಾರ್ಮೋನಿಯಮ್ಮೇ ಕೇಳಿತು. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಅಮಾವಾಸ್ಯೆಯ ದಿನ ಮಠಕ್ಕೆ ಒಯ್ದೆ. ಅಲ್ಲಿ ಮಂಡಳಿಯ ಹುಡುಗನೊಬ್ಬನ ದೊಡ್ಡ ಕೀಬೋರ್ಡ್ ಇತ್ತು, ಅದಕ್ಕೆ ಮೈಕು ಇತ್ತು, ಎದುರಿಗೆ ಎಪ್ಪತ್ತು ಎಂಬತ್ತು ಮಂದಿ ಕುಳಿತಿದ್ದರು.

ನಾನು ಮರೆತದ್ದು ಒಂದೇ. ಮಿಡಿಯಲ್ಲಿ ಅಪ್ಪಣೆ ಹೋಗಲು ಹದಿನಾರು ದಾರಿ, ಅಂದರೆ ಚಾನೆಲ್. 1991ರಲ್ಲಿ ಬಂದ ಜನರಲ್ ಮಿಡಿ ನಿಯಮದ ಪ್ರಕಾರ ಅದರಲ್ಲಿ ಹತ್ತನೆಯದು ತಾಳವಾದ್ಯಗಳಿಗೆ ಮೀಸಲು, ಅಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ವಾದ್ಯ. ಹಿಂದಿನ ವಾರ ಡ್ರಮ್ ನುಡಿಸಲು ನನ್ನ ಕೀಬೋರ್ಡನ್ನು ಹತ್ತನೇ ಚಾನೆಲ್ಲಿಗೆ ತಿರುಗಿಸಿದ್ದೆ. ವಾಪಸ್ ತಿರುಗಿಸಿರಲಿಲ್ಲ. ನನ್ನ ಲ್ಯಾಪ್‌ಟಾಪು ಚಾನೆಲ್ಲು ಗೀನೆಲ್ಲು ನೋಡದೆ ಎಲ್ಲವನ್ನೂ ಹಾರ್ಮೋನಿಯಮ್ಮಿಗೆ ಕೊಡುತ್ತಿತ್ತು. ಮಠದ ಕೀಬೋರ್ಡು ನಿಯಮಸ್ಥ.

ಫೈಲ್ ಶುರುವಾಯಿತು. ಜನ ಕೈ ಮುಗಿದರು. ಸಾ ಎನ್ನುವಲ್ಲಿ ಬೊಂಗೊ ಬಡಿಯಿತು. ಗಾ ಎನ್ನುವಲ್ಲಿ ಕಾಂಗಾ ಡ್ರಮ್ಮು. ಪಾ ಎನ್ನುವಲ್ಲಿ ಐಸ್‌ಕ್ಯಾಂಡಿಯವನ ಗಂಟೆಯಂಥದ್ದೊಂದು. ದಾ ಎನ್ನುವಲ್ಲಿ ಬೋಗುಣಿಯಲ್ಲಿ ಕಡಲೆ ಅಲ್ಲಾಡಿಸಿದ ಸದ್ದು. ನಿಷಾದಕ್ಕೆ ಸಣ್ಣ ಸೀಟಿ. ಆ ಭಜನೆಯ ಪಲ್ಲವಿ ಮೇಲಿನ ಷಡ್ಜದಲ್ಲಿ ನಿಲ್ಲುತ್ತದೆ. ಅದು 72, ಅಂದರೆ ಉದ್ದ ಸೀಟಿ. ಅದರಾಚೆಯ ರಿಷಭ ಮುಟ್ಟಿದಾಗ ಯಾರೋ ಅವಸರದಲ್ಲಿ ಕೊಬ್ಬರಿ ತುರಿದರು. ಆಮೇಲೆ ಮತ್ತೆ ಉದ್ದ ಸೀಟಿ.

ನಾನು ಗುಂಡಿ ಹುಡುಕುತ್ತಿದ್ದೆ. ಮಾಸ್ತರು ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. ಮುಂದಿನ ಸಾಲಿನಲ್ಲಿ ಗೋಡೆಗೆ ಒರಗಿ ತೂಕಡಿಸುತ್ತಿದ್ದ ಮುತ್ಯಾ ಒಬ್ಬರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಮೂರನೇ ಉದ್ದ ಸೀಟಿಗೆ ಅವರ ಬಲಗಾಲು ತಾನಾಗಿ ಮುಂದೆ ಚಾಚಿ ನೆಲವನ್ನು ಒತ್ತಿತು. ಕಣ್ಣು ತೆರೆಯದೆ ಕೇಳಿದರು: "ಯಾರ ಇಳ್ಯಾವ್ರು?"

ಮಠದಲ್ಲಿ ಅಷ್ಟು ನಗು ಅದಕ್ಕೂ ಮುಂಚೆ ಕೇಳಿದ್ದು ನೆನಪಿಲ್ಲ. ಅಪ್ಪ ಮಾತ್ರ ನಗಲಿಲ್ಲ. ನನ್ನನ್ನು ತನಗೆ ಗೊತ್ತಿಲ್ಲದವನಂತೆ ನೋಡಿದರು.

ಮರ್ಯಾದೆ ಉಳಿಸಿಕೊಳ್ಳಲು ನನ್ನ ಲ್ಯಾಪ್‌ಟಾಪು, ಸಣ್ಣ ಕೀಬೋರ್ಡು ಹಚ್ಚಿ ನಾನೇ ನುಡಿಸುತ್ತೇನೆ ಅಂದೆ. ಷಡ್ಜ ಒತ್ತಿದೆ. ಬಂತು. ಬೆರಳು ತೆಗೆದೆ. ಹೋಗಲಿಲ್ಲ. ಜೋಳದ ಕೋಣೆಯ ಇಲಿ ಕೇಬಲ್ಲನ್ನು ರುಚಿ ನೋಡಿತ್ತು ಎಂದು ಮಾರನೇ ದಿನ ಗೊತ್ತಾಯಿತು. 'ಹೊಡಿ' ಎಂಬ ಅಪ್ಪಣೆ ಹೋಗಿ ಮುಟ್ಟಿದೆ, ಅಷ್ಟರಲ್ಲಿ ವೈರು ಸತ್ತಿದೆ, 'ಬಿಡು' ಎಂಬ ಅಪ್ಪಣೆ ದಾರಿಯಲ್ಲೇ ಉಳಿದಿದೆ. ಪಾಪ, ಯಾರೂ ಬಿಡು ಅನ್ನಲಿಲ್ಲ ಎಂದು ಸಾಫ್ಟ್‌ವೇರು ಸಾ ಹಿಡಿದೇ ಕುಳಿತಿದೆ. ಇಂಥ ಹೊತ್ತಿಗೆಂದೇ ಪ್ಯಾನಿಕ್ ಎಂಬ ಗುಂಡಿ ಇರುತ್ತದೆ, ಎಲ್ಲ ಸ್ವರವನ್ನೂ ಬಾಯಿ ಮುಚ್ಚಿಸುವುದು ಅದರ ಕೆಲಸ. ಅದನ್ನು ಒತ್ತಲು ಕೈ ಚಾಚಿದೆ. ಮಾಸ್ತರು ಕೈ ಹಿಡಿದರು. "ಇರಲಿ ಬಿಡು ತಮ್ಮಾ. ತಂಬೂರಿ ಚಲೋ ಹಿಡದೀ."

ಮುಕ್ಕಾಲು ತಾಸು ಭಜನೆ ನಡೆಯಿತು. ಮಾಮಾ ತಬಲಾ, ಮಾಸ್ತರ ಹಾರ್ಮೋನಿಯಂ, ಇಲಿಯ ತಂಬೂರಿ. ನಾನು ಏನೋ ಮಾಡುತ್ತಿರುವವನಂತೆ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕುಳಿತೆ. ಕೊನೆಗೆ ನನಗೂ ಒಂದು ತೆಂಗಿನಕಾಯಿ ಹೋಳು ಕೊಟ್ಟರು.

ಗೋಳಗುಮ್ಮಟದ ಕಥೆ ಹೇಳಬಾರದು ಎಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಒಂದು ಜಾಗದಲ್ಲಿ ಚಪ್ಪಾಳೆ ತಟ್ಟಿ ಅದರ ಗುಂಯ್‌ಗುಟ್ಟುವಿಕೆಯನ್ನು ಧ್ವನಿಮುದ್ರಿಸಿಕೊಂಡರೆ, ಸಾಫ್ಟ್‌ವೇರು ಅದನ್ನು ಯಾವ ವಾದ್ಯಕ್ಕೆ ಬೇಕಾದರೂ ತೊಡಿಸುತ್ತದೆ. ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಗಲದ ಗುಮ್ಮಟ ಊರಲ್ಲೇ ಇದ್ದು ನಾನು ದುಡ್ಡು ಕೊಟ್ಟು ಪರದೇಶದ ಚರ್ಚಿನ ಗುಂಯ್ ತರಲೇ? ಹೋದೆ. ಪಿಸುಗುಟ್ಟುವ ಗ್ಯಾಲರಿ ಹತ್ತಿದೆ. ಮೊಬೈಲ್ ಚಾಲೂ ಮಾಡಿ ಒಂದೇ ಒಂದು ಚಪ್ಪಾಳೆ ತಟ್ಟಿದೆ. ಅದು ಇನ್ನೂ ಗೋಡೆ ಸುತ್ತುತ್ತಿರುವಾಗ ಆ ಕಡೆಯಿಂದ ಶಾಲೆಯ ಪ್ರವಾಸದ ಹುಡುಗನೊಬ್ಬ "ಓಯ್" ಅಂದ. ಅದನ್ನೇ ತಂದು ಸ್ನೇರಿಗೆ ತೊಡಿಸಿದೆ. ಈಗ ನನ್ನ ಸ್ನೇರು ಹೊಡೆದಾಗಲೆಲ್ಲ ಯಾರೋ ದೂರದಿಂದ ಓಯ್ ಎಂದು ಕರೆಯುತ್ತಾರೆ. ಗುಮ್ಮಟದಲ್ಲಿ ಸದ್ದು ಏಳು ಸಲ ಮರಳುತ್ತದೆ ಎಂದು ಗೈಡುಗಳು ಹೇಳುತ್ತಾರೆ. ನನ್ನ ಹಾಡಿನಲ್ಲಿ ನೂರಾ ಹನ್ನೆರಡು ಸ್ನೇರು. ಓಯ್‌ಗಳ ಲೆಕ್ಕ ನೀವೇ ಮಾಡಿ.

ಮೊನ್ನೆ ರವಿವಾರ ಮಾಮಾ ಬಂದಿದ್ದರು. ಪ್ಯಾಡನ್ನು ಒಂದು ಕೈ ನೋಡೋಣ ಅನ್ನುವ ಆಸೆ ಅವರಿಗೂ ಇದೆ, ಬಾಯಿ ಬಿಡುವುದಿಲ್ಲ. ಇಲಿ ಕಡಿದ ಕೇಬಲ್ಲಿಗೆ ಬದಲಿ ತರಬೇಕಿತ್ತು. ಇಬ್ಬರೂ ಬೆಳಿಗ್ಗೆಯೇ ಪೇಟೆಗೆ ಹೋದೆವು. ಅಂಗಡಿಯವನು ತೋರಿಸಿದ ಎಲ್ಲ ಕೇಬಲ್ಲನ್ನೂ ಮಾಮಾ ತಬಲಾದ ಬಾರು ಎಳೆದು ನೋಡುವಂತೆ ಎಳೆದು ನೋಡಿದರು. ಮರಳಿ ಬರುವಾಗ ಹನ್ನೆರಡು ದಾಟಿತ್ತು.

ಅವ್ವ ಬಹಳ ಸಂತೋಷದಲ್ಲಿದ್ದಳು. ತಾನಾಗಿಯೇ ಎರಡು ಕಪ್ ಚಹಾ ತಂದಿಟ್ಟಳು.

"ಇವತ್ತ ಮಾತ್ರ ಭಾಳ ಚಲೋ ಬಾರಿಸಿದಿ ನೋಡು," ಅಂದಳು. "ಹತ್ತೂವರಿ ಸುಮಾರಿಗೆ. ಮೊದಲ ಸಾವಕಾಶ, ಆಮ್ಯಾಲ ಜೋರ, ಕಡೀಕ ಭಾಳ ಜೋರ. ಒಂದೆರಡ ಸಲ ಯಕ್ಕಾ, ಯಕ್ಕಾ ಅಂತ ಹಾಡೂನೂ ಬಂತು. ನಾನೂ ಲಯಕ್ಕ ರೊಟ್ಟಿ ಬಡದ್ನಿ."

ನಾನು ಮಾಮಾನ ಮುಖ ನೋಡಿದೆ. ಅಷ್ಟರಲ್ಲಿ ಮೊಬೈಲಿಗೆ ಸಂದೇಶ ಬಂತು. ಗ್ಯಾಸ್ ಸಿಲಿಂಡರ್ ತಂದಿದ್ದರಂತೆ, ಎಷ್ಟು ಬಡಿದರೂ ಯಾರೂ ಬಾಗಿಲು ತೆಗೆಯಲಿಲ್ಲವಂತೆ, ವಾಪಸ್ ಒಯ್ದರಂತೆ.