‘ಹೊಸಬರಿಗೂ ಸ್ವಾಗತ’ ಅಂತ ಬರೆದರೆ ಸಾಕಾ?

ಬೈಕ್ ರೈಡ್ ಪೋಸ್ಟರ್‌ನಲ್ಲಿ ‘ಹೊಸಬರಿಗೂ ಸ್ವಾಗತ’ ಅಂತ ಬರೆಯೋರ ಮೇಲೆ ಇವತ್ತು ವಿಪರೀತ ಸಿಟ್ಟು ಬಂದಿದೆ. ಬೆಳಿಗ್ಗೆಯಿಂದ ಮನೆಯಲ್ಲಿ ಇದನ್ನೇ ಹೇಳಿ ಬೈಸಿಕೊಂಡಾಯ್ತು. ಇನ್ನು ನಿಮ್ಮ ಸರದಿ.

ಬೂದಗುಂಪಾ ಕ್ರಾಸ್‌ನಲ್ಲಿ ಚಹಾಕ್ಕೆ ನಿಂತಿದ್ದೆ. ಪಕ್ಕದಲ್ಲೇ ಒಬ್ಬ ಹುಡುಗ ಗಾಡಿ ನಿಲ್ಲಿಸಿಕೊಂಡು ಎಲ್ಲಾ ಕಡೆ ಮುಖ ತಿರುಗಿಸಿ ನೋಡುತ್ತಿದ್ದ. ಗಂಗಾವತಿ ಕಡೆ ಹೋಗಬೇಕಾ, ಹೊಸಪೇಟೆ ಕಡೆನಾ, ಗೊತ್ತಿಲ್ಲ. ಗಾಡಿ ಮೇಲೆ ಕೆಂಪು ‘ಎಲ್’ ಇನ್ನೂ ಹೊಳೆಯುತ್ತಿತ್ತು. ಕರೆದು ಚಹಾ ಕೊಡಿಸಿದೆ. ಕ್ಲಚ್ ಹಿಡಿದು ಹಿಡಿದು ಎಡಗೈ ನಡುಗುತ್ತಿತ್ತು, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದ. “ಎಲ್ಲಾರೂ ಮುಂದ ಹೋಗ್ಯಾರ ಅಣ್ಣಾರ, ಫೋನ್ ಎತ್ತವಲ್ರು” ಅಂದ. ಗಾಡಿ ಓಡಿಸುವಾಗ ಫೋನ್ ಎತ್ತಬಾರದು. ಅದೊಂದು ನಿಯಮ ಮಾತ್ರ ಪಾಲಿಸಿದ್ದಾರೆ ಪುಣ್ಯಾತ್ಮರು.

ಅವನ ಮೊಬೈಲಲ್ಲಿ ಅವರ ಗ್ರೂಪ್ ರೈಡಿನ ಪ್ಲಾನ್ ನೋಡಿದೆ. ಕೊಪ್ಪಳ, ಗಂಗಾವತಿ, ಸಾಣಾಪುರ, ಹೊಸಪೇಟೆ, ಸಂಡೂರು, ತೋರಣಗಲ್ಲು, ಬಳ್ಳಾರಿ, ವಾಪಸ್ ಕೊಪ್ಪಳ. ಒಂದೇ ದಿನಕ್ಕೆ! 250 ಕಿ.ಮೀ.ಗೆ ಕಮ್ಮಿ ಇಲ್ಲ. ಹೊರಡೋದು ಬೆಳಗಿನ ಜಾವ ನಾಲ್ಕೂವರೆಗೆ. ಟೀ ಶರ್ಟ್ ಯಾವ ಬಣ್ಣ, ಡ್ರೋನ್ ಎಲ್ಲಿ ಹಾರಿಸೋದು, ರೀಲ್ಸ್ ಎಲ್ಲಿ ಮಾಡೋದು, ಎಲ್ಲಾ ಬರೆದಿದ್ದರು. ಎಲ್ಲರ ಹಿಂದೆ, ಯಾರೂ ತಪ್ಪಿಹೋಗದಂತೆ ನೋಡಿಕೊಂಡು ಬರೋ ಕೊನೆ ಗಾಡಿ ಯಾರದು ಅನ್ನೋದೊಂದನ್ನು ಬಿಟ್ಟು.

ನನ್ನ ಜಗಳ ಇಷ್ಟೇ. ಕೊನೆ ಗಾಡಿ ಯಾರದು?

ಎಲ್‌ಎಲ್ (ಕಲಿಯೋರ ಲೈಸೆನ್ಸ್) ಮಾತ್ರ ಇರೋ ಹುಡುಗನನ್ನು ಹೈವೇಗೆ ಕರೆತಂದಿದ್ದೇ ಮೊದಲ ತಪ್ಪು. ಎಲ್‌ಎಲ್ ಬಂದು 30 ದಿನ ಆದ ಮೇಲೆ ಡಿಎಲ್ ಟೆಸ್ಟ್ ಕೊಡಬಹುದು. ಅಷ್ಟು ದಿನ ತಡೆಯೋಕೆ ಆಗಲ್ವಾ? ಇನ್ನು ಆ ನಾಲ್ಕೂವರೆ. ನಮ್ಮ ಕಡೆ ಕತ್ತಲಲ್ಲಿ ರಸ್ತೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ? ಹಿಂದೆ ಒಂದು ದೀಪ ಇಲ್ಲದ ಟ್ರಾಲಿ. ಬಣ್ಣ ಹೋದ ಹಂಪ್. ಸುಗ್ಗಿ ಬಂದರೆ ಗಂಗಾವತಿ, ಕಾರಟಗಿ ಕಡೆ ಅರ್ಧ ರಸ್ತೆ ತುಂಬ ಭತ್ತ ಒಣಹಾಕಿ, ಗಾಡಿ ಹತ್ತದಿರಲಿ ಅಂತ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಎಷ್ಟೋ ಸಲ ಭತ್ತ ತುಂಬಿಕೊಂಡು ಹೋದ ಮೇಲೂ ಕಲ್ಲು ಅಲ್ಲೇ. (ರೈತರನ್ನ ಬೈಬೇಡಿ, ಕಣ ಎಲ್ಲಿದೆ ಅವರಿಗೆ?) ಚದುರಿದ ಕಾಳಿನ ಮೇಲೆ ಮುಂದಿನ ಬ್ರೇಕ್ ಒತ್ತಿದರೆ ಏನಾಗುತ್ತೆ ಅನ್ನೋದನ್ನು ಹೊಸಬರು ಬಿದ್ದೇ ಕಲಿಯಬೇಕಾ? ಸಂಡೂರಿನ ತಿರುವು, ಅದಿರು ಲಾರಿ, ಕೆಂಪು ಧೂಳು, ಅದರ ಮೇಲೆ ನಾಲ್ಕು ಹನಿ ಮಳೆ... ಬೇಡ ಬಿಡಿ.

“ಅಣ್ಣಾ, 60ರ ಮೇಲೆ ಯಾರೂ ಹೋಗಲ್ಲ ಅಂತ ಮೊದಲೇ ಹೇಳಿದ್ವಿ” ಅಂತಾರೆ ರೈಡ್ ಕರೆದೋರು. ಹೇಳಿರ್ತೀರಿ. ಆದರೆ ಲೆಕ್ಕ ಹಾಗೆ ನಡೆಯಲ್ಲ. ಮುಂದಿನವನು ಲಾರಿ ದಾಟಿ 60ರಲ್ಲಿ ಹೋಗ್ತಾನೆ. ಎರಡನೆಯವನು ಎದುರಿನ ಬಸ್ಸಿಗೆ ಕಾಯ್ತಾನೆ, ಆಮೇಲೆ ಅವನನ್ನು ಹಿಡಿಯೋಕೆ 70. ಹತ್ತನೆಯವನ ಹೊತ್ತಿಗೆ ಅದು 90. ಆ ಹತ್ತನೆಯವನು ಯಾರು? ಯಾವಾಗಲೂ ಹೊಸಬನೇ. ಹಿಂದೆ ಉಳಿದೆ ಅಂತ ಹೆದರಿ, ಮುಂದಿನವನು ನುಗ್ಗಿದ ಅಂತ ಇವನೂ ಲಾರಿ ಪಕ್ಕ ನುಗ್ಗುತ್ತಾನೆ. ಮೊದಲ ಗಾಡಿಗೆ ಖಾಲಿ ಇದ್ದ ರಸ್ತೆ ನಾಲ್ಕನೆಯದಕ್ಕೆ ಖಾಲಿ ಇರಲ್ಲ ಅಂತ ಅವನಿಗೆ ಯಾರೂ ಹೇಳಿರಲ್ಲ. ಅದಕ್ಕೇ ಹೊಸಬರನ್ನು ಲೀಡರ್ ಬೆನ್ನಿಗೇ ಹಾಕಬೇಕು, ಕೊನೆಗೆ ಪಳಗಿದ ಕೈ ಇರಬೇಕು. ತಿರುವು ಬಂದ ಕಡೆಯೆಲ್ಲ ಒಬ್ಬ ನಿಂತು ಹಿಂದಿನವನಿಗೆ ದಾರಿ ತೋರಿಸಬೇಕು. ಬೂದಗುಂಪಾದಲ್ಲಿ ಒಬ್ಬ ನಿಂತಿದ್ದರೆ ನಾನು ಈ ಪೋಸ್ಟೇ ಬರೀತಿರಲಿಲ್ಲ.

“ನಮ್ಮನ್ನ ಯಾರು ಕಾದಿದ್ರು? ಒದ್ದಾಡಿದ್ರೆ ತಾನೇ ಕಲಿಯೋದು” ಅಂತ ನಮ್ಮ ವಯಸ್ಸಿನವರೇ ಒಂದಿಬ್ಬರು ಅಂದರು. ಸರಿ ಸ್ವಾಮಿ. ನಾವು ಕಲಿತದ್ದು 100 ಸಿಸಿ ಗಾಡಿಯಲ್ಲಿ, ಎಷ್ಟು ತಿರುವಿದರೂ ಅದು ಗೊಣಗುತ್ತಿತ್ತೇ ಹೊರತು ಓಡುತ್ತಿರಲಿಲ್ಲ. ಈಗಿನ ಹುಡುಗರ ಮೊದಲ ಗಾಡಿಯೇ 350 ಸಿಸಿ, 180 ಕೆ.ಜಿ. ಮೇಲೆ ತೂಕ. ನಿಮ್ಮನ್ನ ಯಾರೂ ಕಾಯಲಿಲ್ಲ ಅಂತ ಈ ಹುಡುಗನ ಮೇಲೆ ಸೇಡು ತೀರಿಸಿಕೊಳ್ಳಬೇಕಾ?

ನಿಜ ಹೇಳ್ತೀನಿ, ಕೊನೆಗೆ ಹೋಗೋದು ನನಗೂ ಇಷ್ಟ ಇಲ್ಲ. ಎಲ್ಲರ ಧೂಳು, ಎಲ್ಲರ ಹೊಗೆ ನಾವೇ ಕುಡಿಯಬೇಕು. ತಿಂಡಿಗೆ ನಿಂತ ಕಡೆ ಮಿರ್ಚಿ ಖಾಲಿ. ಫೋಟೋದಲ್ಲಿ ಮುಖ ಬರಲ್ಲ. ಆದರೂ ಯಾರಾದರೂ ಹೋಗಲೇಬೇಕಲ್ಲ?

ಹುಡುಗನನ್ನು ಕೊಪ್ಪಳಕ್ಕೆ ವಾಪಸ್ ಹೊರಡಿಸಿ ಅವನ ಹಿಂದೆಯೇ ಬಂದೆ. ಊರು ಮುಟ್ಟಿದ ಮೇಲೆ ಅವನ ಮೊಬೈಲಿಗೆ ಮೆಸೇಜ್ ಬಂತು. “ಎಲ್ಲಿದೀಯ ಬ್ರೋ, ಗ್ರೂಪ್ ಫೋಟೋ.” ಸುಮ್ನೆ ನಕ್ಕೆ, ಇನ್ನೇನು ಮಾಡಲಿ.

ಮುಂದಿನ ಭಾನುವಾರ ಹೊಸಬರನ್ನು ನಾನೇ ಕರೆದುಕೊಂಡು ಹೋಗ್ತೀನಿ. ಇಟಗಿ, ಕುಕನೂರು, ವಾಪಸ್. ನೂರು ಕಿ.ಮೀ. ದಾಟಲ್ಲ. ಇಟಗಿಯ ಮಹಾದೇವ ಗುಡಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು, ಶಾಸನವೇ ‘ದೇವಾಲಯ ಚಕ್ರವರ್ತಿ’ ಅಂತ ಕರೆದಿದೆ. ಮನೆ ಹತ್ತಿರವೇ ಇಂಥದ್ದು ಇರುವಾಗ ಮೊದಲ ರೈಡಿಗೇ ಬಳ್ಳಾರಿ ಸುತ್ತಬೇಕಾ? ಬೆಳಕು ಹರಿದ ಮೇಲೆ ಹೊರಡೋದು. ಅರ್ಧ ತಾಸಿಗೊಮ್ಮೆ ನಿಲ್ಲೋದು. ಕೊನೆ ಗಾಡಿ ನನ್ನದು.

ಡಿಎಲ್ ಇರಬೇಕು, ಐಎಸ್‌ಐ ಹೆಲ್ಮೆಟ್ ಇರಬೇಕು. ಪೆಟ್ರೋಲ್ ಹಿಂದಿನ ರಾತ್ರಿಯೇ ಹಾಕಿಸಿ. ಸ್ಟೈಲಿಗೆ ಅಂತ ಕನ್ನಡಿ ಬಿಚ್ಚಿಟ್ಟವರು ಹಾಕಿಸಿಕೊಂಡೇ ಬನ್ನಿ, ಇಲ್ಲಾಂದ್ರೆ ಅಲ್ಲಿಂದಲೇ ಮನೆಗೆ ಕಳಿಸ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ.