ಬೆಳಗ್ಗೆ ಗಂಟೆ ಹಿಡಿದು ಬರುತ್ತಿದ್ದ ಕೋಚ್

ಕಳೆದ ವಾರ ಡಲ್ಲಾಸ್‌ನಲ್ಲಿ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಅಮೆರಿಕನ್ ಕಾಲೇಜು ಫುಟ್‌ಬಾಲ್ ಮಾತು ಬಂತು. ಎಲ್ಲರಿಗಿಂತ ದೊಡ್ಡ ಕೋಚ್ ಯಾರು ಅಂತ. ನಾನು ಎಡ್ಡಿ ರಾಬಿನ್ಸನ್ ಅಂದೆ. "ಅವರು ಗೆದ್ದದ್ದೆಲ್ಲ ಸಣ್ಣ ಕಾಲೇಜುಗಳ ಮೇಲೆ ಅಲ್ವಾ?" ಅಂದರು ಪಕ್ಕದಲ್ಲಿದ್ದವರು. ಆ ಮಾತು ಇನ್ನೂ ಮನಸ್ಸಲ್ಲಿ ಕೊರೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ರಾಬಿನ್ಸನ್ ಹುಟ್ಟಿದ್ದು 1919ರಲ್ಲಿ, ಲೂಯಿಸಿಯಾನದ ಜಾಕ್ಸನ್ ಎಂಬ ಊರಲ್ಲಿ. ಅಪ್ಪ ಬೇರೆಯವರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದರು, ಅಮ್ಮ ಮನೆಗೆಲಸಕ್ಕೆ ಹೋಗುತ್ತಿದ್ದರು. ಡಿಗ್ರಿ ಮುಗಿಸಿದ ಮೇಲೂ ಮಗನಿಗೆ ಸಿಕ್ಕಿದ್ದು ದನಕರುಗಳ ಮೇವು ತಯಾರಿಸುವ ಮಿಲ್ಲಿನ ಕೆಲಸ, ಗಂಟೆಗೆ 25 ಸೆಂಟು. 1941ರಲ್ಲಿ ಕಪ್ಪು ಜನರ ಒಂದು ಪುಟ್ಟ ಕಾಲೇಜು ಅವರನ್ನು ಕೋಚ್ ಆಗಿ ಕರೆಯಿತು. ವಯಸ್ಸು 22, ಸಂಬಳ ತಿಂಗಳಿಗೆ 63 ಡಾಲರ್ 75 ಸೆಂಟು. ಮುಂದೆ ಗ್ರ್ಯಾಂಬ್ಲಿಂಗ್ ಅಂತ ಹೆಸರಾದದ್ದು ಅದೇ ಕಾಲೇಜು.

ಸಹಾಯಕ್ಕೆ ಸಂಬಳದ ಇನ್ನೊಬ್ಬ ಕೋಚ್ ಇರಲಿಲ್ಲ. ಮೈದಾನದ ಹುಲ್ಲು ಕತ್ತರಿಸೋದು, ಸುಣ್ಣದ ಗೆರೆ ಎಳೆಯೋದು, ಹುಡುಗರ ಕಾಲಿಗೆ ಪಟ್ಟಿ ಸುತ್ತೋದು, ಪಂದ್ಯದ ವರದಿ ಬರೆದು ಪತ್ರಿಕೆಗೆ ಕಳಿಸೋದು, ಎಲ್ಲ ಅವರೇ. ಬೇರೆ ಊರಿಗೆ ಆಡಲು ಹೊರಟರೆ ಸ್ಯಾಂಡ್‌ವಿಚ್ ಕಟ್ಟಿಕೊಂಡು ಹೋಗಬೇಕಿತ್ತು. ದಾರಿಯ ಹೋಟೆಲುಗಳಲ್ಲಿ ಕಪ್ಪು ಹುಡುಗರನ್ನು ಒಳಗೇ ಬಿಡುತ್ತಿರಲಿಲ್ಲ. ಮೊದಲ ವರ್ಷ ಮೂರು ಗೆಲುವು, ಐದು ಸೋಲು. ಮರುವರ್ಷ ಒಂಬತ್ತಕ್ಕೆ ಒಂಬತ್ತೂ ಗೆಲುವು. ಆ ಇಡೀ ವರ್ಷ ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ಸಿಗಲಿಲ್ಲ!

ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಲೇಜಿನ ಆಟ ನಿಂತಾಗ ಅವರು ಊರಿನ ಹೈಸ್ಕೂಲಿಗೆ ಕೋಚ್ ಆದರು. ಆಗಿನದೊಂದು ಕಥೆ ನನಗೆ ತುಂಬಾ ಇಷ್ಟ. ಹತ್ತಿ ಬಿಡಿಸುವ ಸಮಯ, ಆಟಕ್ಕೆ ಕಳಿಸಲ್ಲ ಅಂತ ಒಬ್ಬ ಅಪ್ಪ ಮಕ್ಕಳನ್ನು ಹೊಲದಲ್ಲೇ ಇರಿಸಿಕೊಂಡರು. ರಾಬಿನ್ಸನ್ ಜಗಳ ಆಡಲಿಲ್ಲ. ಇಡೀ ತಂಡವನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಹತ್ತಿ ಬಿಡಿಸಿಕೊಟ್ಟರು. ಹುಡುಗರು ಆಟಕ್ಕೆ ಬಂದರು.

ಈಗ "ಸಣ್ಣ ಕಾಲೇಜು" ಮಾತಿಗೆ ಬರುತ್ತೇನೆ. ಅವು ಸಣ್ಣವಾಗಿಯೇ ಉಳಿದದ್ದು ಯಾಕೆ? ದಕ್ಷಿಣದ ದೊಡ್ಡ ಯೂನಿವರ್ಸಿಟಿಗಳು ಕಪ್ಪು ಹುಡುಗರನ್ನು ಬಾಗಿಲ ಹತ್ತಿರವೂ ಸೇರಿಸುತ್ತಿರಲಿಲ್ಲ. ಹೆಸರಾಂತ ಕೋಚ್ ಬೇರ್ ಬ್ರಯಂಟ್ ಅವರ ಅಲಬಾಮಾ ಯೂನಿವರ್ಸಿಟಿ ತಂಡದಲ್ಲಿ ಕಪ್ಪು ಆಟಗಾರರು ಸೀಸನ್ ಪಂದ್ಯಕ್ಕೆ ಇಳಿದದ್ದೇ 1971ರಲ್ಲಿ. ಅಷ್ಟರೊಳಗೆ ರಾಬಿನ್ಸನ್ ಮೂವತ್ತು ವರ್ಷ ಕೆಲಸ ಮಾಡಿಯಾಗಿತ್ತು. ಅವರ ತಂಡದ ಹುಡುಗ ಟ್ಯಾಂಕ್ ಯಂಗರ್ 1949ರಲ್ಲೇ ಲಾಸ್ ಏಂಜಲೀಸ್ ರ‍್ಯಾಮ್ಸ್ ಸೇರಿದ್ದರು. ಕಪ್ಪು ಕಾಲೇಜಿನಿಂದ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋದ ಮೊದಲಿಗರು ಅವರೇ. ಆಮೇಲೆ 200ಕ್ಕೂ ಹೆಚ್ಚು ಹುಡುಗರು ವೃತ್ತಿಪರ ಫುಟ್‌ಬಾಲ್‌ಗೆ ಹೋದರು. ಅವರಲ್ಲೊಬ್ಬರಾದ ಡಗ್ ವಿಲಿಯಮ್ಸ್, ಆ ಲೀಗಿನ ಫೈನಲ್ ಆದ 1988ರ ಸೂಪರ್ ಬೌಲ್‌ನಲ್ಲಿ ಒಂದೇ ಕ್ವಾರ್ಟರ್‌ನಲ್ಲಿ ಪಾಯಿಂಟ್ ತರುವ ನಾಲ್ಕು ಟಚ್‌ಡೌನ್ ಪಾಸ್ ಎಸೆದು ವಾಷಿಂಗ್ಟನ್ ತಂಡಕ್ಕೆ ಕಪ್ ತಂದುಕೊಟ್ಟರು. ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಲು ಕಪ್ಪು ಆಟಗಾರರಿಗೆ ಬುದ್ಧಿ ಸಾಲದು ಅಂತ ಜನ ರಾಜಾರೋಷವಾಗಿ ಹೇಳುತ್ತಿದ್ದ ಕಾಲ ಅದು. ಇವರು ಯಾರೂ ಸಣ್ಣ ಆಟಗಾರರಲ್ಲ. ಹಾಗಿದ್ದ ಮೇಲೆ ಅವರನ್ನು ಬೆಳೆಸಿದ ಕೋಚ್ ಹೇಗೆ ಸಣ್ಣವರಾಗುತ್ತಾರೆ?

ಕೋಚ್ ಆಗಿ ರಾಬಿನ್ಸನ್ ಅವರ ಒಟ್ಟು ಗೆಲುವು 408. ಆದರೂ ನನ್ನ ಕಣ್ಣಿಗೆ ಕಟ್ಟುವುದು ಗಂಟೆ. ದನದ ಕೊರಳಿಗೆ ಕಟ್ಟುವಂಥ ಗಂಟೆ ಹಿಡಿದು ಬೆಳ್ಳಂಬೆಳಗ್ಗೆ ಹಾಸ್ಟೆಲ್‌ಗೆ ಬರುತ್ತಿದ್ದರಂತೆ. ಅಭ್ಯಾಸಕ್ಕಲ್ಲ, ಹುಡುಗರನ್ನು ಎಬ್ಬಿಸಿ ಕ್ಲಾಸಿಗೆ ಕಳಿಸೋಕೆ. ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಗಂಟೆ ಆಡಿಸುತ್ತಾ ನಡೆಯುವ ಅವರು, ಕಣ್ಣುಜ್ಜುತ್ತಾ ಏಳುವ ಆ ದೊಡ್ಡ ದೊಡ್ಡ ಹುಡುಗರು! ಓದಿನ ವಿಷಯದಲ್ಲಿ ಅವರು ಯಾರನ್ನೂ ಬಿಟ್ಟವರಲ್ಲ.

ಕೊನೆಯ ಮೂರು ವರ್ಷ ಸೋಲೇ ಜಾಸ್ತಿಯಾಯಿತು, ಹೊರಡಿ ಎಂಬ ಒತ್ತಡವೂ ಬಂತು. ಐವತ್ತು ವರ್ಷಕ್ಕೂ ಮೀರಿ ದುಡಿದವರು 1997ರಲ್ಲಿ ಹಾಗೆ ನಿವೃತ್ತರಾದದ್ದು ನೆನೆದರೆ ಸಂಕಟವಾಗುತ್ತದೆ. ಅವರ ಜಾಗಕ್ಕೆ ಡಗ್ ವಿಲಿಯಮ್ಸ್ ಬಂದರು ಅನ್ನೋದು ಒಂದು ಸಮಾಧಾನ. 2007ರಲ್ಲಿ ರಾಬಿನ್ಸನ್ ತೀರಿಕೊಂಡರು.

ಬ್ರಯಂಟ್ ಅವರ 323 ಗೆಲುವಿನ ದಾಖಲೆಯನ್ನು ರಾಬಿನ್ಸನ್ ದಾಟಿದ್ದು ಇದೇ ಡಲ್ಲಾಸ್‌ನ ಕಾಟನ್ ಬೌಲ್ ಮೈದಾನದಲ್ಲಿ, 1985ರ ಅಕ್ಟೋಬರ್ 5ರಂದು. ಎದುರಿಗೆ ಪ್ರೇರಿ ವ್ಯೂ ಕಾಲೇಜಿನ ತಂಡ, ಸ್ಕೋರ್ 27-7. ಈಗಲೂ ಟೆಕ್ಸಸ್ ಜಾತ್ರೆಯ ಹೊತ್ತಿಗೆ ಆ ಎರಡು ತಂಡಗಳು ಅಲ್ಲೇ ಆಡುತ್ತವೆ. ಈ ಸಲ ನಾನು ಎರಡು ಟಿಕೆಟ್ ತೆಗೆದುಕೊಳ್ಳುತ್ತೇನೆ. ಒಂದು ಆ ಸಹೋದ್ಯೋಗಿಗೆ.